ಹನ್ನೊಂದು ಮನೆಯ ಅಕ್ಕಿ

ಕುಬಟೂರಿನ ನೀಲಾಂಬಿಕಳನ್ನು ಕಂಡರೆ ಆಗುವ ಜೀವಗಳು ನನಗೆ ತಿಳಿದಂತೆ ಮೂರೇ. ಅವಳ ಎಮ್ಮೆ, ನನ್ನ ಹೆಂಡತಿ ವನಜಮ್ಮ, ನಾನು. ಎಮ್ಮೆಯ ವಿಷಯ ಖಾತ್ರಿಯಿಲ್ಲ. ಉಳಿದವರು ಬಸ್ಸಿನಲ್ಲಿ ಅವಳ ಪಕ್ಕದ ಸೀಟು ಖಾಲಿ ಇದ್ದರೂ ನಿಂತೇ ಹೋಗುತ್ತಾರೆ. ಬಾಯಿ ಅಂಥದು. ಹೊಟ್ಟು ಕಂಡಲ್ಲೆಲ್ಲ ಕೇರುತ್ತಾಳೆ, ಎದುರಿಗಿರುವವನು ಪಂಚಾಯ್ತಿಯವನೋ ಪಟ್ಟದವನೋ ನೋಡುವುದಿಲ್ಲ.

ಧರ್ಮಶಾಸ್ತ್ರದ ಕಾಲೇಜಿನವರು ಅವಳನ್ನು ಈ ಬಾಯಿಗಾಗಿಯೇ ಅಡುಗೆ ಕೆಲಸದಿಂದ ಬಿಡಿಸಿದರು ಎಂದು ಶಿಕಾರಿಪುರದಲ್ಲಿ ಹೇಳಿಕೊಂಡು ತಿರುಗುವವರಿದ್ದಾರೆ. ಅದು ಸುಳ್ಳು. ಅವಳ ಕೈಯಲ್ಲಿ ಅನ್ನ ಚೆನ್ನಾಗಿ ಬೆಂದಿತು, ಅದಕ್ಕೆ ಬಿಡಿಸಿದರು. ಹೇಗೆಂದು ಹೇಳುತ್ತೇನೆ.

ಶಿಕಾರಿಪುರದಿಂದ ಸೊರಬದ ಕಡೆಗೆ ಬರುವ ರಸ್ತೆಯ ಬದಿಗೆ, ಒಂದು ಮಠದ ಜಾಗದಲ್ಲಿ ಆ ಕಾಲೇಜಿದೆ. ಬಿ.ಎ. ಮುಗಿಸಿದವರು ಬಂದು ಎರಡು ವರ್ಷ ಅಲ್ಲೇ ಉಳಿದು, ಆಗಮ, ವಚನ, ತತ್ತ್ವ ಓದಿ ಎಂ.ಎ. ಪದವಿ ಪಡೆಯುತ್ತಾರೆ. ಬೆಳಿಗ್ಗೆ ಐದಕ್ಕೆ ಎದ್ದು ಅಂಗಳ ಗುಡಿಸಬೇಕು. ಒಟ್ಟಿಗೆ ಪೂಜೆ, ಒಟ್ಟಿಗೆ ಊಟ, ಮಧ್ಯಾಹ್ನ ವಾದ. ನಾನು ಐದನೇ ಕ್ಲಾಸಿಗೆ ಪಾಟಿ ಕಟ್ಟಿಟ್ಟವನು, ಆದರೂ ಬುಧವಾರ ಬುಧವಾರ ಅಲ್ಲಿನ ಗ್ರಂಥಾಲಯಕ್ಕೆ ಹೋಗಿ ಪುಸ್ತಕ ತರುತ್ತೇನೆ. ಆ ಕಪಾಟುಗಳ ಧೂಳು ಹಾರಿದ್ದು ಬಹುಪಾಲು ನನ್ನ ಕೈಯಿಂದಲೇ. ಪ್ರಾಧ್ಯಾಪಕರು ನೋಟ್ಸಿನಲ್ಲಿ ಬದುಕುತ್ತಾರೆ.

ಕಾಲೇಜು ಕಟ್ಟಿದ ಹಿರಿಯ ಸ್ವಾಮಿಗಳಿಗೆ ಈ ನೋಟ್ಸಿನ ರೋಗ ಮೊದಲೇ ಗೊತ್ತಿತ್ತೋ ಏನೋ. ಅವರು ಒಂದು ಕಟ್ಟಳೆ ಮಾಡಿಟ್ಟು ಹೋದರು. ಪ್ರತಿ ಸೋಮವಾರ ಒಬ್ಬೊಬ್ಬ ವಿದ್ಯಾರ್ಥಿ ಹೆಗಲಿಗೆ ಜೋಳಿಗೆ ಹಾಕಿಕೊಂಡು ಒಂದೊಂದು ಊರಿಗೆ ಹೋಗಬೇಕು, ಗೊತ್ತುಮಾಡಿದ ಹನ್ನೊಂದು ಮನೆಯ ಬಾಗಿಲಲ್ಲಿ ನಿಲ್ಲಬೇಕು. ಆ ಮನೆಯವರು ದಿನಾ ಬೆಳಿಗ್ಗೆ ಅಡುಗೆಗೆ ಅಕ್ಕಿ ಅಳೆಯುವಾಗ ಒಂದು ಮುಷ್ಟಿ ತೆಗೆದು ಬೇರೆ ಮಡಕೆಗೆ ಹಾಕಿರುತ್ತಾರೆ. ವಾರದ ಏಳು ಮುಷ್ಟಿ ಜೋಳಿಗೆಗೆ. ಆದರೆ ಸುಮ್ಮನೆ ಬೀಳುವುದಿಲ್ಲ. ಆ ವಾರ ಕಲಿತದ್ದನ್ನು ಬಾಗಿಲಲ್ಲಿ ನಿಂತು ಒಂದೇ ಮಾತಿನಲ್ಲಿ ಹೇಳಬೇಕು. ಮನೆಯಾಕೆಗೆ ತಿಳಿದರೆ ಅಕ್ಕಿ, ತಿಳಿಯದಿದ್ದರೆ ಮುಂದಿನ ಮನೆ. ಹನ್ನೊಂದರಲ್ಲಿ ಒಂದು ಬಾಗಿಲು ತಪ್ಪಿದರೂ ಆ ಜೋಳಿಗೆ ಲೆಕ್ಕಕ್ಕಿಲ್ಲ, ಇನ್ನೊಂದು ದಿನ ಹೋಗಿ ತುಂಬಿಸಿಕೊಂಡು ಬರಬೇಕು. ಕೊನೆಯ ಆರು ತಿಂಗಳಲ್ಲಿ ಹದಿನಾರು ಜೋಳಿಗೆ ಆಗದವನು ಕೊನೆಯ ಪರೀಕ್ಷೆಗೆ ಕೂರುವ ಹಾಗಿಲ್ಲ. ಜೋಳಿಗೆ ಪುಸ್ತಕದಲ್ಲಿ ಸಹಿ ಹಾಕುವವರು ಪ್ರಾಧ್ಯಾಪಕರಲ್ಲ. ಆ ಅಕ್ಕಿಯನ್ನು ಬೇಯಿಸಿದವರು.

ಹದಿನೇಳು ವರ್ಷ ಆ ಸಹಿ ನೀಲಾಂಬಿಕಳದು. ಶ್ರೀಶೈಲಕ್ಕೆ ಹೋಗಿ ಬರ್ತೀನಿ ಎಂದ ಗಂಡ ಬರಲಿಲ್ಲ. ಆರು ವರ್ಷದ ಮಗಳು ಶಶಿರೇಖಾಳ ಕೈ ಹಿಡಿದುಕೊಂಡು ಬಂದು ಅಲ್ಲಿ ಒಲೆ ಹೊತ್ತಿಸಿದಳು. ಓದಿದ್ದು ಏಳನೇ ಕ್ಲಾಸು. ಮಗಳು ಆ ಅಡುಗೆಮನೆಯ ಹೊಗೆಯಲ್ಲೇ ಬೆಳೆದು, ಸೊರಬದಲ್ಲಿ ಬಿ.ಎ. ಮುಗಿಸಿ, ಅದೇ ಕಾಲೇಜಿಗೆ ವಿದ್ಯಾರ್ಥಿನಿಯಾಗಿ ಸೇರಿದಳು. ಪಂಕ್ತಿಯಲ್ಲಿ ಕೂತವರಿಗೆ ತಾಯಿ ಬಡಿಸುತ್ತಿದ್ದಳು, ಮಗಳ ಎಲೆಗೂ ಅಷ್ಟೇ ಸೌಟು. ಒಂದಗುಳು ಹೆಚ್ಚಿಲ್ಲ.

ಜೋಳಿಗೆಯ ಅಕ್ಕಿ ಬೇಯಿಸುವುದು ಹುಡುಗಾಟವಲ್ಲ. ಒಬ್ಬರ ಮನೆಯದು ಇಂಟಾನ್ ತಳಿ, ಇನ್ನೊಬ್ಬರದು ಅಭಿಲಾಷ, ಮತ್ತೊಬ್ಬರದು ಜಯ, ನಾಲ್ಕನೆಯವರದು ರೇಷನ್ನಿನದು. ಹೊಸದು, ಹಳೆಯದು, ಕುಚ್ಚಲು, ನುಚ್ಚು. ಎಲ್ಲ ಒಂದೇ ತಪ್ಪಲೆಗೆ. ಅನ್ನ ಬೆಂದಿದೆಯೋ ಇಲ್ಲವೋ ತಿಳಿಯಲು ಒಂದಗುಳು ಹಿಚುಕಿ ನೋಡಿದರೆ ಸಾಕು ಎಂದು ಲೋಕವೆಲ್ಲ ಹೇಳುತ್ತದೆ. ಲೋಕ ನೀಲಾಂಬಿಕಳ ಅಡುಗೆಮನೆಗೆ ಬಂದಿರಲಿಲ್ಲ. ಅಲ್ಲಿ ಇಪ್ಪತ್ತು ಅಗುಳು ಹಿಚುಕಿದರೂ ಇಪ್ಪತ್ತೊಂದನೆಯದು ಹಲ್ಲಿಗೆ ಕಟಕ್ಕೆನ್ನುತ್ತಿತ್ತು. ಎಷ್ಟು ನೆನೆಸಿದರೂ, ಎಷ್ಟು ಕಾವು ಕೊಟ್ಟರೂ ಅಷ್ಟೇ.

ತೀರ್ಥೇಶ್ ಎಂಬ ವಿದ್ಯಾರ್ಥಿಗೆ ಅದು ಆಗುತ್ತಿರಲಿಲ್ಲ. ಒಳ್ಳೆಯ ಕಂಠ, ಇಸ್ತ್ರಿಯ ಜುಬ್ಬ, ಟಿ.ವಿ.ಯಲ್ಲಿ ಪ್ರವಚನ ಹೇಳಬೇಕೆಂಬ ಹಂಬಲ. ಪಂಕ್ತಿಯಲ್ಲಿ ಕೂತು ಎಲ್ಲರಿಗೂ ಕೇಳುವಂತೆ ಹೇಳುತ್ತಿದ್ದ.

"ಅಮ್ಮಾರೇ, ಇದು ಪ್ರಸಾದನೋ ಪ್ರಾಯಶ್ಚಿತ್ತನೋ? ಒಂದಗುಳು ಬೆಣ್ಣೆ, ಒಂದಗುಳು ಕಲ್ಲು."

"ಕಲ್ಲು ಕಡೀಲಿಕ್ಕೇ ದೇವ್ರು ಹಲ್ಲು ಕೊಟ್ಟಿದ್ದು. ನಿಂಗೆ ನಾಲಿಗೆ ಒಂದೇ ಸಾಕಿತ್ತು, ಹಲ್ಲು ದಂಡ" ಎನ್ನುತ್ತಿದ್ದಳು ನೀಲಾಂಬಿಕ.

ಇವನಿಗೆ ಜೋಳಿಗೆಗೆ ಬಿದ್ದ ಊರು ಕುಬಟೂರು. ಅಲ್ಲಿ ಒಬ್ಬ ಮುದುಕಿ ಇವನು ಹೇಳಿದ ತತ್ತ್ವ ಕೇಳಿ, "ಇದನ್ನ ನೀನು ತಿಳ್ಕಂಡು ಹೇಳ್ತಾ ಇದೀಯೋ, ಅಥವಾ ಬಾಯಿಪಾಠವೋ?" ಎಂದಳಂತೆ. ಇವನು ತಡವರಿಸಿದ. ಪಕ್ಕದ ಮನೆಯವನೊಬ್ಬ ಅದನ್ನು ಮೊಬೈಲಿನಲ್ಲಿ ಹಿಡಿದು ಊರ ತುಂಬ ಹಂಚಿದ. ಆಮೇಲೆ ತೀರ್ಥೇಶ್ ಒಂದು ಉಪಾಯ ತೆಗೆದ. ಸಹಪಾಠಿ ಮಾಲತೇಶನ ಮಾವನದು ಶಿಕಾರಿಪುರದಲ್ಲಿ ಅಕ್ಕಿ ಅಂಗಡಿ. ಸೋಮವಾರ ಆ ವರ್ಷದ ಹನ್ನೆರಡು ವಿದ್ಯಾರ್ಥಿಗಳೂ ಜೋಳಿಗೆ ಹಾಕಿಕೊಂಡು ಹೊರಡುವುದು, ಬಸ್ಸಿಳಿದು ಕೆರೆ ಏರಿಯ ಮೇಲೆ ಮೊಬೈಲು ಒತ್ತುತ್ತ ಕೂರುವುದು, ಅಂಗಡಿಯಲ್ಲಿ ಜೋಳಿಗೆ ತುಂಬಿಸಿಕೊಂಡು ಮಧ್ಯಾಹ್ನ ವಾಪಸು ಬರುವುದು. ವೈರಾಗ್ಯದ ಪಾಠ ಮಂಗಳವಾರ ಎಂದಿನಂತೆ.

ಹೊಸಬಾಳೆ, ನಮ್ಮೂರು, ಶಶಿರೇಖಾಳ ಪಾಲಿನದು. ಅವಳು ಬರುವುದು ನಿಂತಿತು. ಪರೀಕ್ಷೆ ಹತ್ತಿರ ಬಂದಿರಬೇಕು ಎಂದುಕೊಂಡೆವು. ಕೊಡುವವರು ಕರೆಯಬಾರದು, ಅದೂ ಕಟ್ಟಳೆಯೇ. ವನಜಮ್ಮ ಮುಷ್ಟಿ ಹಾಕುವುದು ಬಿಡಲಿಲ್ಲ. ಮಡಕೆ ತುಂಬಿ, ಪೇಂಟಿನ ಬಕೆಟ್ಟು ತೊಳೆದು ಅದಕ್ಕೆ ಸುರಿಯತೊಡಗಿದಳು.

ಇತ್ತ ಕಾಲೇಜಿನಲ್ಲಿ ಅನ್ನ ಮಲ್ಲಿಗೆಯಾಯಿತು. ನಿರ್ದೇಶಕ ರೇಣುಕಾಪ್ರಸಾದ್ ಹೊಸದಾಗಿ ಬಂದವರು, ಡಾಕ್ಟರೇಟು ಮಾಡಿದವರು. ಒಂದು ದಿನ ಪಂಕ್ತಿಯಲ್ಲಿ ಕೂತು ಎರಡನೇ ಸಲ ಅನ್ನ ಹಾಕಿಸಿಕೊಂಡು ಹೇಳಿದರು.

"ಏನ್ರೀ ನೀಲಾಂಬಿಕಮ್ಮ, ಈಗೀಗ ಅನ್ನ ಹೂವಾಗೇತಿ. ಹದಿನೇಳು ವರ್ಷದ ಮ್ಯಾಲ ಕೈ ಪಳಗಿತು ನೋಡ್ರಿ."

ಹುಡುಗರು ನಕ್ಕರು. ನೀಲಾಂಬಿಕಳೂ ನಕ್ಕಳು. ಇಲ್ಲಿ ಅವಳ ತಪ್ಪನ್ನೂ ಬರೆಯಬೇಕು, ಮುಚ್ಚಿಡುವ ಜಾಯಮಾನ ನನ್ನದಲ್ಲ. ಏಳು ಸೋಮವಾರ ಅವಳು ಆ ಹೊಗಳಿಕೆಯನ್ನು ನುಂಗಿದಳು. ಹದಿನೇಳು ವರ್ಷ ಬೈಸಿಕೊಂಡ ಕೈಗೆ ಒಂದು ಒಳ್ಳೆಯ ಮಾತು ಬಿದ್ದಾಗ, ಅದು ತನ್ನ ಕೈಯದಲ್ಲ ಎಂದು ಅನುಮಾನಿಸುವುದು ಯಾರಿಗೂ ಕಷ್ಟ. ನೆನೆಸುವ ಹೊತ್ತು ಹೆಚ್ಚಿಸಿದ್ದೆ, ಅದು ಫಲ ಕೊಟ್ಟಿತು ಎಂದು ತಿಳಿದಳು. ಏಳು ವಾರವೂ ಹನ್ನೆರಡು ಜನರ ಹೆಸರಿನ ಮುಂದೆ ಸಹಿ ಹಾಕಿದಳು.

ಎಂಟನೆಯ ಸೋಮವಾರ ತಪ್ಪಲೆಯ ಮುಂದೆ ನಿಂತು ಒಂದಗುಳು ಹಿಚುಕಿದಳು. ಬೆಂದಿತ್ತು. ಸೌಟು ಕೆಳಗಿಟ್ಟು ಬಸಿಯಲು ಬಟ್ಟೆ ಹುಡುಕುವಾಗ ಕೈ ನಿಂತಿತು. ಒಂದೇ ಅಗುಳು ಹಿಚುಕಿ ತಾನು ಯಾವತ್ತೂ ಒಲೆ ಆರಿಸಿದವಳಲ್ಲ. ಇನ್ನೊಂದು ತೆಗೆದಳು, ಬೆಂದಿತ್ತು. ಇನ್ನೊಂದು. ಇಪ್ಪತ್ತು ತೆಗೆದಳು. ಇಪ್ಪತ್ತೂ ಒಬ್ಬ ತಾಯಿಯ ಮಕ್ಕಳ ಹಾಗೆ.

ಅಷ್ಟು ಹೊತ್ತಿಗೆ ಆ ದಿನದ ಜೋಳಿಗೆಗಳು ಅಡುಗೆಮನೆಯ ಗೋಡೆಗೆ ಸಾಲಾಗಿ ಬಂದು ಕೂತಿದ್ದವು. ಒಂದೊಂದಕ್ಕೂ ಕೈ ಹಾಕಿ ಒಂದೊಂದು ಹಿಡಿ ತೆಗೆದು ಮೊರದಲ್ಲಿ ಹನ್ನೆರಡು ಗುಪ್ಪೆ ಇಟ್ಟಳು. ಊಟಕ್ಕೆ ಎಲೆ ಹಾಕಿ ಕೂತವರ ಮುಂದೆ ಮೊರ ತಂದಿಟ್ಟಳು. ಅನ್ನ ತರಲಿಲ್ಲ.

"ತೀರ್ಥೇಶಪ್ಪ, ಯಾವೂರಿಗೆ ಹೋಗಿದ್ದೆ?"

"ಕುಬಟೂರಿಗೆ ಅಮ್ಮಾರೇ. ನಿಮ್ಮ ತವರಿಗೇ."

"ನನ್ನ ತವರಲ್ಲಿ ಹನ್ನೊಂದು ಮನೆಯವ್ರು ಈ ಸಲ ಒಂದೇ ಅಕ್ಕಿ ಉಂಡ್ರಾ?"

"ಯಾವ ಅಕ್ಕಿ ಅಂತ ನಾವು ಕೇಳೋ ಹಂಗಿಲ್ಲ ಅಮ್ಮಾರೇ. ಭಿಕ್ಷೆ ಅಂದ್ರೆ ಬಂದಿದ್ದು."

"ಬಂದಿದ್ದು ಹೌದು. ಎಲ್ಲಿಂದ ಬಂತು ಅದು ಹೇಳು. ಕುಬಟೂರಲ್ಲಿ ಮೂರನೇ ಮನೆ ಬಾಗಿಲಿಗೆ ಎಂತ ಬಣ್ಣ?"

ತೀರ್ಥೇಶ್ ನೀರು ಕುಡಿದ. ನೀಲಾಂಬಿಕ ಬೆರಳಿನಿಂದ ಒಂದೊಂದು ಗುಪ್ಪೆ ಮುಟ್ಟುತ್ತ ಒಬ್ಬೊಬ್ಬರ ಹೆಸರು ಹೇಳುತ್ತ ಹೋದಳು. ಹನ್ನೆರಡನೆಯದು ಮಗಳದು. ಅದೂ ಅದೇ ಅಕ್ಕಿ. ಅವಳ ಹೆಸರನ್ನೂ ಉಳಿದವರ ಹೆಸರಿನಷ್ಟೇ ಗಟ್ಟಿಯಾಗಿ ಹೇಳಿದಳು. ಆಮೇಲೆ ಅನ್ನ ಬಡಿಸಿದಳು. ಸಹಿ ಹಾಕಲಿಲ್ಲ.

ಮಾರನೆಯ ದಿನ ನನಗೆ ನಿರ್ದೇಶಕರಿಂದ ಫೋನು ಬಂತು. ಹೋದೆ. ಅವರ ಕೋಣೆಯಲ್ಲಿ ಮೇಜಿನ ಮೇಲೆ ಜೋಳಿಗೆ ಪುಸ್ತಕ, ಈಚೆ ನೀಲಾಂಬಿಕ, ಬಾಗಿಲ ಹತ್ತಿರ ಶಶಿರೇಖಾ ಮತ್ತು ತೀರ್ಥೇಶ್.

"ಶೇಷಪ್ಪನವ್ರೇ, ನೀವು ಹಿರಿಯರು, ಈ ಅಮ್ಮಗ ಬುದ್ಧಿ ಹೇಳ್ರಿ" ಎಂದರು ರೇಣುಕಾಪ್ರಸಾದ್. "ಪರೀಕ್ಷೆಗೆ ಹೆಸರು ಕಳಿಸಾಕ ಇನ್ನ ಒಂಬತ್ತೇ ದಿನ ಅದಾವ. ಹನ್ನೆರಡು ಮಂದಿನೂ ಕುಂದರಲಿಲ್ಲ ಅಂದ್ರ ಕಾಲೇಜಿನ ಮಾನ್ಯತೆನೇ ಹೋಗತೈತಿ. ಅಕ್ಕಿ ನೋಡಿ ಎಂ.ಎ. ನಿಲ್ಲಸ್ತಾರೇನ್ರಿ?"

"ನಂಗೆ ಬುದ್ಧಿ ಆಮೇಲೆ ಹೇಳಣ್ಣ" ಎಂದಳು ನೀಲಾಂಬಿಕ. "ಮೊದ್ಲು ನಿಮ್ಮನೆ ಮುಷ್ಟಿ ಮಡಕೆ ತುಂಬಿದ್ಯೋ ಖಾಲಿಯೋ ಅದು ಹೇಳು."

ನಾನು ಶಶಿರೇಖಾಳ ಮುಖ ನೋಡಿದೆ. ಅವಳು ನನ್ನ ಮುಖ ನೋಡಲಿಲ್ಲ. ಚಿಕ್ಕಂದಿನಿಂದ ನಮ್ಮ ಮನೆಯಲ್ಲಿ ಉಂಡ ಹುಡುಗಿ. ಒಂದು ಸುಳ್ಳು ಹೇಳಿದರೆ ಪದವೀಧರೆಯಾಗುತ್ತಾಳೆ. ಆದರೆ ನಾನು ಪುಸ್ತಕ ಓದಿ ಮೀಸೆ ನೆರೆಸಿಕೊಂಡದ್ದು ಅಂಥ ಸಹಾಯ ಮಾಡಲಿಕ್ಕಲ್ಲ.

"ಮಡಕೆ ತುಂಬಿ ಬಕೆಟ್ಟಿಗೆ ಬಂದಿದೆ. ಎಂಟು ವಾರದ್ದು" ಎಂದೆ.

ನಿರ್ದೇಶಕರಿಗೆ ನಾನು ಅಂದಿನಿಂದ ಹಿರಿಯನಲ್ಲ. ನನ್ನ ಕಡೆಯಿಂದ ಕುರ್ಚಿ ತಿರುಗಿಸಿಕೊಂಡರು.

"ಅಡಿಗಿ ಮಾಡೋರು ಅಡಿಗಿ ಮಾಡ್ಬೇಕ್ರಿ ನೀಲಾಂಬಿಕಮ್ಮ. ಧರ್ಮ ಏನು ಅಂತ ನಾವು ನೋಡ್ಕೊಂತೀವಿ. ನಿಮ್ಮ ಮಗಳೂ ಅದಾಳ ಇದರಾಗ, ಅದು ನೆನಪೈತೇನು?"

"ಅವಳು ಇರೋದ್ರಿಂದ್ಲೇ ಇಷ್ಟು ದೂರ ಬಂದೆ. ಇಲ್ದಿದ್ರೆ ನಾಲ್ಕು ಬೈದು ಒಳಗೆ ಹೋಗ್ತಿದ್ದೆ."

"ಮತ್ತ ಏಳು ವಾರ ಸಹಿ ಹೆಂಗ ಹಾಕಿದ್ರಿ? ಆಗ ಕಣ್ಣು ಎಲ್ಲಿ ಇಟ್ಟಿದ್ರಿ?"

ಅದು ಸರಿಯಾಗಿ ತಾಗಿತು. ನೀಲಾಂಬಿಕ ಪುಸ್ತಕ ಎಳೆದುಕೊಂಡು, ಮೇಜಿನ ಮೇಲಿದ್ದ ಅವರದೇ ಪೆನ್ನು ತೆಗೆದುಕೊಂಡು ಪುಟ ತಿರುವಿದಳು. ಏಳು ವಾರ, ಹನ್ನೆರಡು ಹೆಸರು. ಒಂದೊಂದೇ ಸಹಿಯ ಮೇಲೆ ಗೆರೆ ಎಳೆದಳು. ಎಂಬತ್ತನಾಲ್ಕು ಗೆರೆ. ಮುಗಿಸಿ ಹೇಳಿದಳು.

"ಹೊಗಳಿದ್ರಿ, ಉಬ್ಬಿದೆ. ಅದು ನನ್ನ ತಪ್ಪು. ಹದಿನಾರರಲ್ಲಿ ಈಗ ಎಂಟು ಜೋಳಿಗೆ ಬಾಕಿ. ಮನೆಗಳಲ್ಲಿ ಎಂಟು ವಾರದ ಅಕ್ಕಿ ಕಾಯ್ತಾ ಇದೆ, ನಿಮ್ಮ ಹತ್ರ ಒಂಬತ್ತು ದಿನ ಇದೆ. ದಿನಾ ಹೋಗ್ಲಿ. ದಿನಾ ಬೇಯಿಸ್ತೀನಿ. ದಿನಾ ಸಹಿ ಹಾಕ್ತೀನಿ."

"ಹಾಕ್ರಿ. ಹತ್ತನೇ ದಿನ ನೀವು ಕೋಣೆ ಖಾಲಿ ಮಾಡ್ರಿ. ಬ್ಯಾರೆ ಅಡಿಗಿಯವರನ್ನ ನೋಡ್ಕೊಂತೀನಿ."

"ಒಲೆ ತೊಳೆದಿಟ್ಟು ಹೋಗ್ತೀನಿ" ಎಂದಳು.

ಹೊರಗೆ ಜಗಲಿಯಲ್ಲಿ ಮಗಳು ತಾಯಿಯನ್ನು ತಡೆದಳು. ನಾನು ಚಪ್ಪಲಿ ಹುಡುಕುತ್ತಿದ್ದೆ, ಕೇಳಿಸಿತು.

"ಎಲ್ರ ಮುಂದೆ ನನ್ನ ಹೆಸರು ಕೂಗ್ದೆ. ಒಳಗೆ ಕರೆದು ಎರಡು ಹೊಡೆದಿದ್ರೆ ಆಗ್ತಿರ್ಲಿಲ್ವ ಅವ್ವ?"

"ಹೊಡೆದು ಮುಚ್ಚಿಡ್ಲಿಕ್ಕೆ ನೀನು ಬೆಲ್ಲ ಕದ್ದಿದ್ದಲ್ಲ."

"ಹನ್ನೊಂದು ಜನ ಹೋಗಲ್ಲ ಅಂದ್ರೆ ನಾನೊಬ್ಳು ಹೋಗ್ಬೇಕಿತ್ತಾ? ಅಡುಗೆಯವಳ ಮಗಳು ಚಾಡಿ ಹೇಳಿದ್ಲು ಅಂತ ಅನ್ನಿಸ್ಕಬೇಕಿತ್ತಾ? ಅವ್ರ ಜೊತೆ ಪಂಕ್ತಿಲಿ ಕೂತು ಉಣ್ಣೋಳು ನಾನು, ನೀನಲ್ಲ."

"ಉಣ್ಣೋಳು ನೀನು. ಬೇಯಿಸೋಳು ನಾನು" ಎಂದು ನೀಲಾಂಬಿಕ ಒಳಗೆ ಹೋದಳು. ಆ ಒಂಬತ್ತು ದಿನ ತಾಯಿ ಮಗಳ ನಡುವೆ ಸೌಟಿನ ಸದ್ದಲ್ಲದೆ ಬೇರೆ ಮಾತಿರಲಿಲ್ಲ.

ಹನ್ನೆರಡು ಜನರೂ ಹೊರಟರು. ಶಪಿಸಿಕೊಂಡೇ ಹೊರಟರು. ಮೊದಲ ದಿನ ಶಶಿರೇಖಾ ನಮ್ಮ ಬಾಗಿಲಿಗೆ ಬಂದಾಗ ಹತ್ತು ಮನೆ ಮುಗಿದಿತ್ತು, ಜೋಳಿಗೆ ಜೋತುಬಿದ್ದಿತ್ತು. ನಮ್ಮದು ಹನ್ನೊಂದನೆಯದು. ವನಜಮ್ಮ ಮಡಕೆ ತಂದು ಹೊಸಿಲ ಒಳಗೆ ನಿಂತಳು.

"ಎಂತ ಕಲ್ತೆ ಕೂಸೇ ಈ ವಾರ?"

"ನಮ್ಮವ್ವನಿಗೆ ಮಗಳಿಗಿಂತ ಅಕ್ಕಿ ಹೆಚ್ಚು ಅಂತ ಕಲ್ತೆ."

"ಅದು ನೀನು ಹುಟ್ಟೋಕೆ ಮುಂಚೆನೇ ನಂಗೆ ಗೊತ್ತಿತ್ತು. ನೀನು ಕಲ್ತಿದ್ದೆಂತ ಅದು ಹೇಳು."

ಹುಡುಗಿ ಜೋಳಿಗೆಯನ್ನು ಇನ್ನೊಂದು ಹೆಗಲಿಗೆ ಬದಲಿಸಿದಳು. ಆಮೇಲೆ ಷಟ್‌ಸ್ಥಲದ ವಿಷಯ ಎರಡು ದೊಡ್ಡ ಮಾತು ಹೇಳಿದಳು, ಪುಸ್ತಕದಲ್ಲಿದ್ದ ಹಾಗೇ. ವನಜಮ್ಮ ಪೂರ್ತಿ ಕೇಳಿ, "ನಂಗೆ ತಿಳೀಲಿಲ್ಲ" ಎಂದು ಮಡಕೆ ಒಳಗೆ ತೆಗೆದುಕೊಂಡು ಹೋದಳು. ನಾನು ಜಗಲಿಯ ಮೇಲಿದ್ದೆ. "ಇರಲಿ ಕೊಡೇ" ಎನ್ನಲು ಬಾಯಿ ತೆರೆದವನು ಮುಚ್ಚಿಕೊಂಡೆ. ಮಡಕೆ ಅವಳದು, ಬಾಗಿಲೂ ಅವಳದೇ.

ಹೀಗೆ ಮೊದಲ ದಿನ ವ್ಯರ್ಥವಾಯಿತು. ಹತ್ತು ಮನೆಯ ಅಕ್ಕಿಯನ್ನು ನೀಲಾಂಬಿಕ ಒಳಗಿಟ್ಟಳು, ಸಹಿ ಹಾಕಲಿಲ್ಲ. ಮಗಳ ಮುಂದೆ ಈಗ ಎಂಟೇ ದಿನ, ಎಂಟು ಜೋಳಿಗೆ. ಇನ್ನೊಂದು ಬಾಗಿಲು ಮುಚ್ಚಿದರೆ ಎರಡು ವರ್ಷದ ಓದು ನೀರಿಗೆ. ಮಿಕ್ಕವರಿಗೆ ಅಷ್ಟು ಬಿಗಿ ಆಗಲಿಲ್ಲವಂತೆ. ಕುಬಟೂರಿನ ಮುದುಕಿ ತೀರ್ಥೇಶನನ್ನು ನೋಡಿ, "ಪಾಪ, ಬಿಸಿಲಿಗೆ ಬಂದಿದೆ" ಎಂದು ಕೇಳದೆಯೇ ಸುರಿದಳು ಎಂದು ಕೇಳಿದ್ದೇನೆ. ಅವನಿಗೆ ಅದರಲ್ಲೂ ಅವಮಾನ ಕಾಣಲಿಲ್ಲ.

ಎರಡನೆಯ ದಿನ ಶಶಿರೇಖಾ ಮೊದಲು ನಮ್ಮ ಮನೆಗೇ ಬಂದಳು. ಬಿಸಿಲು ಏರಿರಲಿಲ್ಲ. ಮುಖ ಊದಿಕೊಂಡಿತ್ತು. ವನಜಮ್ಮ ಕೇಳುವ ಮೊದಲೇ ಹೇಳಿದಳು.

"ಅಂಗಡಿ ಅಕ್ಕಿ ತಂದು ಭಿಕ್ಷೆ ಅಂದೆ ದೊಡ್ಡಮ್ಮ. ಉಂಡೆ. ರುಚಿಯಾಗಿತ್ತು."

ವನಜಮ್ಮ ಅವಳನ್ನೇ ನೋಡಿದಳು. "ಇದು ತಿಳೀತು" ಎಂದಳು. ಏಳು ಮುಷ್ಟಿ ಎಣಿಸಿ ಹಾಕಿದಳು. ಎಂಟನೆಯದು ಹಾಕಲಿಲ್ಲ. ಹುಡುಗಿ ಥ್ಯಾಂಕ್ಸ್ ಎನ್ನಲಿಲ್ಲ, ಇವಳು ಕಾಫಿ ಕುಡೀತೀಯಾ ಎನ್ನಲಿಲ್ಲ. ಹೀಗೆಯೇ ಎಂಟು ದಿನ ನಡೆಯಿತು. ದಿನಕ್ಕೊಂದು ಮಾತು, ಏಳು ಮುಷ್ಟಿ. ಎಲ್ಲವನ್ನೂ ಬರೆಯುವುದಿಲ್ಲ. ಅವು ಹೆಂಗಸರಿಬ್ಬರ ನಡುವಿನ ಮಾತು, ನಾನು ಜಗಲಿಯಲ್ಲಿ ಕಿವಿ ಇಟ್ಟು ಕೂತಿದ್ದವನು ಅಷ್ಟೆ. ಎಂಟನೆಯ ದಿನ ಪೇಂಟಿನ ಬಕೆಟ್ಟಿನ ತಳ ಕಂಡಿತು. ಎರಡು ವರ್ಷದಲ್ಲಿ ಆ ಕಾಲೇಜಿನ ಪ್ರಾಧ್ಯಾಪಕರು ಅವಳಿಗೆ ಏನು ಕಲಿಸಿದರೋ ನನಗೆ ಗೊತ್ತಿಲ್ಲ. ಎಂಟು ದಿನದಲ್ಲಿ ನನ್ನ ಹೆಂಡತಿ ಕಲಿಸಿದ್ದನ್ನು ಕಂಡಿದ್ದೇನೆ. ವನಜಮ್ಮನಿಗೆ ಸಹಿ ಮಾಡಲು ಬರುತ್ತದೆ, ಅಷ್ಟೇ ಓದು.

ಆ ಕೊನೆಯ ದಿನ ನಾನೂ ಶಶಿರೇಖಾಳ ಬಸ್ಸಿನಲ್ಲೇ ಕಾಲೇಜಿಗೆ ಹೋದೆ. ತಂದಿದ್ದ ಪುಸ್ತಕ ಹಿಂದಿರುಗಿಸಬೇಕಿತ್ತು, ಇನ್ನು ಒಳಗೆ ಬಿಡುತ್ತಾರೋ ಇಲ್ಲವೋ ಎಂಬ ಅನುಮಾನವೂ ಇತ್ತು. ಅಡುಗೆಮನೆಯ ಮೂಲೆಯಲ್ಲಿ ನೀಲಾಂಬಿಕಳ ಟ್ರಂಕು ಕಟ್ಟಿ ಇಟ್ಟಿತ್ತು. ಉಳಿದ ಹನ್ನೊಂದು ಜನ ಬೆಳಿಗ್ಗೆಯೇ ಜೋಳಿಗೆ ಇಳಿಸಿ ಪುಸ್ತಕದ ಹತ್ತಿರ ಕಾಯುತ್ತಿದ್ದರು. ಮಗಳು ತನ್ನ ಜೋಳಿಗೆಯನ್ನು ಮೊರಕ್ಕೆ ಬಗ್ಗಿಸಿದಳು. ಕೆಂಪು, ಬಿಳಿ, ಉದ್ದ, ಮೊಂಡು, ನುಚ್ಚು, ನಡುವೆ ನಮ್ಮ ಮನೆಯ ಎರಡು ಭತ್ತ.

"ಸಹಿ ಹಾಕು" ಎಂದಳು. ಒಂಬತ್ತು ದಿನದಲ್ಲಿ ತಾಯಿಗೆ ಆಡಿದ ಮೊದಲ ಮಾತು.

"ಬೇಯಲಿ."

"ಆಫೀಸಲ್ಲಿ ಮೂರು ಗಂಟೆಗೆ ಲಿಸ್ಟ್ ಕಳಿಸ್ತಾರೆ."

"ಬೇಯ್ಲಿಕ್ಕೆ ಅಷ್ಟು ಹೊತ್ತು ಬೇಡ."

ಹಿಂದೆ ನಿಂತಿದ್ದ ತೀರ್ಥೇಶ್, "ಕೊನೆ ದಿನಾನೂ ಹಟ ಬಿಡಲ್ಲ ನೋಡ್ರಿ" ಎಂದ. ಯಾರೂ ನಗಲಿಲ್ಲ. ನೀಲಾಂಬಿಕ ಹನ್ನೆರಡು ಜೋಳಿಗೆಯ ಅಕ್ಕಿಯಿಂದಲೂ ಒಂದೊಂದು ಬೊಗಸೆ ತೆಗೆದು, ತೊಳೆದು, ಎಸರಿಗೆ ಹಾಕಿದಳು. ಹನ್ನೆರಡು ಜನ ಗೋಡೆಗೆ ಒರಗಿ ನಿಂತರು. ಕುದಿ ಬಂದ ಮೇಲೆ ಅವಳು ಸೌಟಿನಲ್ಲಿ ಅಗುಳು ತೆಗೆದು ಹಿಚುಕತೊಡಗಿದಳು. ಒಂದು ಬೆಂದಿತ್ತು. ಒಂದು ಮುದ್ದೆಯಾಗಿತ್ತು. ಒಂದು ಬೆರಳಿಗೆ ಗಟ್ಟಿಯಾಗಿ ಸಿಕ್ಕಿತು. ಇನ್ನೂ ಸ್ವಲ್ಪ ಬಿಟ್ಟಳು. ಇಪ್ಪತ್ತು ಹಿಚುಕಿ, ಕೈ ಒರೆಸಿಕೊಂಡು, ಹನ್ನೊಂದು ಜನರಿಗೆ ಸಹಿ ಹಾಕಿದಳು. ಕೊನೆಗೆ ಮಗಳ ಹೆಸರಿನ ಮುಂದೆ.

ಶಶಿರೇಖಾ ಪುಸ್ತಕ ಎತ್ತಿಕೊಂಡು ಆಫೀಸಿಗೆ ಹೋದಳು. ತಿರುಗಿ ನೋಡಲಿಲ್ಲ. ಪರೀಕ್ಷೆ ಬರೆದಳು, ಪಾಸಾದಳು. ಎಲ್ಲರೂ ಪಾಸಾದರು. ತೀರ್ಥೇಶನ ಪ್ರವಚನ ಈಗ ಟಿ.ವಿ.ಯಲ್ಲಿ ಬರುತ್ತದೆ. ಭಿಕ್ಷೆಯ ಮಹಿಮೆಯ ಬಗ್ಗೆ ಒಂದು ಗಂಟೆ ಮಾತಾಡುತ್ತಾನೆ, ಅಂಗಡಿಯ ವಿಷಯ ಬರುವುದಿಲ್ಲ. ಕಾಲೇಜಿನಲ್ಲಿ ಕೇಟರಿಂಗಿನವರು ಬಂದಿದ್ದಾರೆ. ಜೋಳಿಗೆ ನಿಂತಿದೆ. ಅನ್ನ ಹೂವಿನ ಹಾಗೆ ಬೇಯುತ್ತದಂತೆ.

ಆ ಮಧ್ಯಾಹ್ನ ಮಾತ್ರ ಮಗಳು ಆಫೀಸಿನಿಂದ ವಾಪಸು ಬಂದು, ಪಂಕ್ತಿಗೆ ಹೋಗದೆ ಅಡುಗೆಮನೆಯ ನೆಲದಲ್ಲೇ ಟ್ರಂಕಿನ ಪಕ್ಕ ತಟ್ಟೆ ಇಟ್ಟುಕೊಂಡು ಕೂತಳು. ತಾಯಿ ಬಡಿಸಿದಳು. ಎಲ್ಲರಿಗೂ ಹಾಕುವಷ್ಟೇ ಸೌಟು. ಹುಡುಗಿ ಎರಡು ತುತ್ತು ಉಂಡು, ಮೂರನೆಯದಕ್ಕೆ ಬಾಯಿ ನಿಲ್ಲಿಸಿದಳು.

"ಕಲ್ಲು" ಎಂದಳು.

"ಅಗೀ" ಎಂದಳು ನೀಲಾಂಬಿಕ.